ಅವ್ವನ ಕೈ, ಸೋಮವಾರದ ಮಂದಿ

ನಮ್ಮ ಮನೆಯಲ್ಲಿ ಸೋಮವಾರ ಅಂದರೆ ಮೊದಮೊದಲು ಹಬ್ಬ, ಆಮೇಲೆ ಹೆದರಿಕೆ. ಹಬ್ಬವಾಗಿದ್ದ ಸೋಮವಾರಗಳು ಈಗ ಮಸುಕಾಗಿವೆ. ಹೆದರಿಕೆಯ ಸೋಮವಾರಗಳಲ್ಲಿ ಯಾರು ಎಲ್ಲಿ ಕೂತಿದ್ದರು, ಯಾರು ಯಾರ ಮುಖ ನೋಡಲಿಲ್ಲ ಎಂಬುದೆಲ್ಲ ಇವತ್ತಿಗೂ ಕಣ್ಣ ಮುಂದಿದೆ. ಬಸವಕಲ್ಯಾಣದಲ್ಲಿ ಕೋಟೆಯ ಹಿಂದಿನ ಓಣಿಯಲ್ಲಿ ನಮ್ಮದು ಕಲ್ಲಿನ ಮನೆ. ಮನೆಯ ಅರ್ಧದಷ್ಟು ಪಡಸಾಲೆ, ಉಳಿದರ್ಧದಲ್ಲಿ ಅಡುಗೆಮನೆ, ಬಚ್ಚಲು, ಜೋಳದ ಚೀಲಗಳನ್ನಿಟ್ಟ ಒಂದು ಕತ್ತಲೆಯ ಕೋಣೆ. ಪಡಸಾಲೆಯಲ್ಲಿ ಆಡಿದ ಪ್ರತಿ ಮಾತೂ ಅಡುಗೆಮನೆಗೆ ಕೇಳುತ್ತಿತ್ತು. ಅಡುಗೆಮನೆಯಲ್ಲಿ ಯಾರಿದ್ದಾರೆ ಎಂಬುದು ಪಡಸಾಲೆಗೆ ಕಾಣುತ್ತಿರಲಿಲ್ಲ. ದೊಡ್ಡವರ ಲೋಕದ ಬಗ್ಗೆ ನಾನು ಚಿಕ್ಕಂದಿನಲ್ಲಿ ತಿಳಿದುಕೊಂಡದ್ದರಲ್ಲಿ ಹೆಚ್ಚಿನದನ್ನು ಒಲೆಯ ಪಕ್ಕ ಕೂತು ಕೇಳಿಸಿಕೊಂಡೆ.

ಅಪ್ಪ ಊರ ಹೊರಗೆ ಹೆದ್ದಾರಿಯ ಬದಿಗೆ ಲಾರಿಗಳಿಗೆ ಕಟ್ಟಿಗೆಯ ಬಾಡಿ ಕಟ್ಟುತ್ತಿದ್ದ. ಹುಬ್ಬಿನಲ್ಲಿ ಕಟ್ಟಿಗೆಯ ಪುಡಿ ಹೊತ್ತುಕೊಂಡೇ ಮನೆಗೆ ಬರುವವನು. ಮಾತು ಕಡಿಮೆ, ಆದರೆ ಒಳ್ಳೆಯ ಕಂಠ. ಸೋಮವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಭಜನೆ ನಡೆಯುತ್ತಿತ್ತು. ಸಾಲೆಯಿಂದ ನಿವೃತ್ತರಾದ ಒಬ್ಬ ಮಾಸ್ತರರು ಅದಕ್ಕೆ ಹಿರಿಯರು. ಅವರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ಮಾಸ್ತರ್ ಅಂದರೆ ಸಾಕಿತ್ತು. ಅರಿವೆ ಅಂಗಡಿಯ ಕಾಶಪ್ಪ ಕಾಕಾ ಮತ್ತು ಅವರ ಹೆಂಡತಿ ಗಂಗಮ್ಮ ಕಾಕು ತಪ್ಪದೆ ಬರುತ್ತಿದ್ದರು. ಇನ್ನೂ ನಾಲ್ಕೈದು ಮಂದಿ ಬಂದು ಹೋಗುತ್ತಿದ್ದರು. ಭಜನೆ ಮುಗಿದ ಮೇಲೆ ಎಲ್ಲರಿಗೂ ಪ್ರಸಾದ. ಅವ್ವ ಒಬ್ಬಳೇ ಅಷ್ಟೂ ಮಂದಿಗೆ ಜೋಳದ ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ, ಗೋಧಿ ಹುಗ್ಗಿ ಕುದಿಸುತ್ತಿದ್ದಳು. ಅವಳು ಅಂಗೈಯಿಂದ ಬಡಿದರೆ ರೊಟ್ಟಿ ಹಿಟ್ಟು ನಾದುವ ಕಟ್ಟಿಗೆಯ ಕೊಣಮಿಗೆಯ ಅಂಚು ಮುಟ್ಟುವಷ್ಟು ಅಗಲವಾಗುತ್ತಿತ್ತು, ಹರಿಯುತ್ತಿರಲಿಲ್ಲ. ಹಂಗಿನ ಮಾತಾಡದೆ ಕೊಡುವ ಕೈ ಅವಳದು. ಓಣಿಯಲ್ಲಿ ಬಾಣಂತಿಗೆ ಎಣ್ಣೆ ಹಚ್ಚಲು, ಹೆಣಕ್ಕೆ ನೀರು ಹಾಕಲು, ಎಲ್ಲದಕ್ಕೂ ಅವ್ವನನ್ನೇ, ಮಹಾದೇವಿಯನ್ನೇ ಕರೆಯುತ್ತಿದ್ದರು.

ನಾನು ಐದನೇ ಇಯತ್ತೆಯಲ್ಲಿದ್ದಾಗ, ಚಳಿಗಾಲದ ಒಂದು ಬೆಳಿಗ್ಗೆ ಅವ್ವ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ಹಿಟ್ಟು ಕಲಸಿರಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವು ಬೇರೆಯವರ ಕೈಗಳೇನೋ ಎಂಬಂತೆ ನೋಡುತ್ತಿದ್ದಳು. ಬೆರಳಿನ ಗಂಟುಗಳು ಕೆಂಪಗೆ ಬಾತಿದ್ದವು. ಬಿಸಿಲೇರಿದ ಮೇಲೆ ಒಂದಿಷ್ಟು ಸಡಿಲವಾದವು. ಮರುದಿನ ಮತ್ತೆ ಅದೇ. ಸಾಸಿವೆ ಎಣ್ಣೆ ಹಚ್ಚಿದೆವು, ಉಪ್ಪು ಕಾಯಿಸಿ ಶಾಖ ಕೊಟ್ಟೆವು, ಓಣಿಯ ಕಂಪೌಂಡರು ಕೊಟ್ಟ ಗುಳಿಗೆ ನುಂಗಿಸಿದೆವು. ನೋವು ಮಣಿಕಟ್ಟಿಗೆ ಏರಿತು, ಅಲ್ಲಿಂದ ಮೊಳಕಾಲಿಗೆ ಇಳಿಯಿತು. ಕೆಲವೇ ತಿಂಗಳಲ್ಲಿ ಅವಳಿಗೆ ಕೊಡದ ಕುತ್ತಿಗೆ ಹಿಡಿಯಲು ಆಗುತ್ತಿರಲಿಲ್ಲ, ಕುಪ್ಪಸದ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ರೊಟ್ಟಿ ಬಡಿಯುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ರೊಟ್ಟಿ ಹರಿದರೆ ಅವ್ವ ಬೈಯುತ್ತಿದ್ದಳು. ಅದಕ್ಕೆ ಮುಂಚೆ ಅವಳು ನನ್ನನ್ನು ಬೈದದ್ದು ನನಗೆ ನೆನಪಿಲ್ಲ.

ಅವಳನ್ನು ಬಹಳ ನೋಯಿಸಿದ್ದು ಪೂಜೆ ತಪ್ಪಿದ್ದು. ದಿನಾ ಬೆಳಿಗ್ಗೆ ಮಿಂದು, ಎಡ ಅಂಗೈಯ ಮೇಲೆ ಲಿಂಗವನ್ನಿಟ್ಟುಕೊಂಡು ಕಣ್ಣು ಮುಚ್ಚುವ ಹೆಂಗಸು ಅವಳು. ಈಗ ಆ ಅಂಗೈ ಪೂರ್ತಿ ಬಿಚ್ಚುತ್ತಿರಲಿಲ್ಲ. ಒಂದು ದಿನ ಲಿಂಗ ಜಾರಿ ನೆಲದ ಫರ್ಸಿಕಲ್ಲಿನ ಮೇಲೆ ಬಿತ್ತು. ಅವ್ವ ಅದನ್ನು ಎರಡೂ ಮುಂಗೈಗಳ ನಡುವೆ ಒತ್ತಿ ಎತ್ತಿಕೊಂಡು ಕರಡಿಗೆಯಲ್ಲಿಟ್ಟಳು. ಆಮೇಲೆ ಪೂಜೆಗೆ ಕೂಡಲಿಲ್ಲ.

ಸೋಮವಾರದ ಮಂದಿಯ ಬಗ್ಗೆ ನ್ಯಾಯವಾಗಿಯೇ ಹೇಳಬೇಕು. ಸುದ್ದಿ ಗೊತ್ತಾದ ವಾರ ಅವರೆಲ್ಲ ಬಂದು ಸುಮ್ಮನೆ ಕೂತಿದ್ದರು. ಗಂಗಮ್ಮ ಕಾಕು ಅವ್ವನ ಕೈ ಹಿಡಿದು ಅತ್ತಳು. ಕಾಶಪ್ಪ ಕಾಕಾ ತಾನೇ ಅಡುಗೆಮನೆಗೆ ಬಂದು ಚಹಾ ಸೋಸಿದ. ಅಂದು ಅವರು ಅಷ್ಟಕ್ಕೇ ಎದ್ದು ಹೋಗಿದ್ದರೆ ಅವರನ್ನು ನಾನು ಇವತ್ತಿಗೂ ದೊಡ್ಡ ಮನಸ್ಸಿನವರೆಂದೇ ನೆನೆಯುತ್ತಿದ್ದೆನೇನೋ. ಆದರೆ ಮುಂದಿನ ವಾರ ಮಾಸ್ತರರು ಮಾತು ಶುರು ಮಾಡಿದರು.

"ಮಾದೇವಿ, ದೇವರು ಎಲ್ಲಾರಿಗೂ ತಕ್ಲೀಫ್ ಕೊಡೂದಿಲ್ಲ ತಂಗಿ. ತನಗ ಬೇಕಾದವ್ರಿಗೇ ಕೊಡ್ತಾನ. ತಡಕೊ."

"ತಡಕೊಳ್ಳಾಕತ್ತೇನ್ರಿ," ಅಂದಳು ಅವ್ವ.

ಆ ಮಾತು ಅವಳಿಗೆ ಮೊದಲು ಹಿತವಾಗಿಯೇ ಇತ್ತು. ನೋವು ಹೆಚ್ಚಾದಾಗ ತನಗೆ ತಾನೇ ಅದನ್ನು ಹೇಳಿಕೊಳ್ಳುತ್ತಿದ್ದಳು. ಆದರೆ ವಾರ ಕಳೆದಂತೆ ಕೈ ಸುಧಾರಿಸಲಿಲ್ಲ, ಬಂದವರ ಮಾತು ಬದಲಾಯಿತು. ದೇವರ ಪರೀಕ್ಷೆ ಅಂದವರು ಹಿಂದಿನ ಜನ್ಮದ ಕರ್ಮ ಅಂದರು. ನಮ್ಮ ಧರ್ಮದಲ್ಲಿ ಹಿಂದಿನ ಜನ್ಮದ ಮಾತು ಎಲ್ಲಿಂದ ಬಂತು ಎಂದು ಅಪ್ಪನೇ ಒಮ್ಮೆ ಮೆಲ್ಲಗೆ ಕೇಳಿದ. ಮಾಸ್ತರರು ಅದಕ್ಕೊಂದು ಉದ್ದನೆಯ ಉತ್ತರ ಕೊಟ್ಟರು. ಆಮೇಲೆ ಪೂಜೆ ಬಿಟ್ಟದ್ದಕ್ಕೇ ಹೀಗಾಯಿತು ಅಂದರು. ಕೈ ಬಿಚ್ಚದೆ ಪೂಜೆ ನಿಂತದ್ದೋ, ಪೂಜೆ ನಿಂತು ಕೈ ಮಡಚಿದ್ದೋ ಎಂಬುದನ್ನು ಮನೆಯಲ್ಲಿದ್ದ ನಾನು ಕಣ್ಣಾರೆ ಕಂಡಿದ್ದೆ. ಆದರೂ ಅಷ್ಟು ದೊಡ್ಡವರು ಹೇಳುವಾಗ ನನಗೇ ಅನುಮಾನ ಬರುತ್ತಿತ್ತು. ಅವ್ವ ಮಲಗಿದ್ದಾಗ ಅವಳ ಮುಖವನ್ನೇ ನೋಡುತ್ತ ಕೂಡುತ್ತಿದ್ದೆ. ಇವಳು ನಮಗೆ ಗೊತ್ತಿಲ್ಲದ ಏನನ್ನು ಮಾಡಿರಬಹುದು ಎಂದು ಯೋಚಿಸುತ್ತಿದ್ದೆ.

ತಪ್ಪು ಯಾವುದೆಂದು ಕಂಡುಹಿಡಿದವಳು ಗಂಗಮ್ಮ ಕಾಕು. ಹಿಂದಿನ ಬೇಸಗೆಯಲ್ಲಿ ನಮ್ಮ ಕಟ್ಟೆಯ ಮೇಲೆ ಒಂದು ಸಾವಾಗಿತ್ತು. ಕಮಳಾಬಾಯಿ ಮಂಠಾಳ ಎಂಬ ಹಳ್ಳಿಯಲ್ಲಿ ದಲಿತರಿರುವ ಬೌದ್ಧರ ಓಣಿಯವಳು, ಹೊಲದ ಕೂಲಿಯವಳು. ಕೂಲಿ ಇಲ್ಲದ ದಿನ ಬುಟ್ಟಿಯಲ್ಲಿ ತಪ್ಪಲಪಲ್ಯ ಹೊತ್ತು ನಮ್ಮ ಓಣಿಗೆ ಬರುತ್ತಿದ್ದಳು. ಅವತ್ತು ನೆತ್ತಿಯ ಬಿಸಿಲಲ್ಲಿ ಬಂದವಳು ನಮ್ಮ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ಹಾಗೆಯೇ ಒರಗಿದಳು. ಅವ್ವ ಓಡಿ ಬಂದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಳಿ ಬೀಸಿದಳು. ಊಟಕ್ಕೆ ಬಂದಿದ್ದ ಅಪ್ಪ ತಂಬಿಗೆಯಲ್ಲಿ ನೀರು ತಂದು ಅವಳ ಬಾಯಿಗೆ ಬಿಟ್ಟ. ಒಂದು ಗುಟುಕು ಒಳಗೆ ಹೋಯಿತು, ಇನ್ನೊಂದು ಕಟವಾಯಿಂದ ಹೊರಗೆ ಹರಿಯಿತು. ಅವಳ ಮಂದಿ ಮಂಠಾಳದಿಂದ ಬರುವವರೆಗೆ ಅವ್ವ ಅವಳ ತಲೆಯನ್ನು ಕೆಳಗಿಡಲಿಲ್ಲ. ಆಮೇಲೆ ಮಿಂದು, ಅಂದು ಸೋಮವಾರವಾದ್ದರಿಂದ, ಅದೇ ಸಂಜೆ ಎಲ್ಲರಿಗೂ ಅಡುಗೆ ಮಾಡಿ ಬಡಿಸಿದ್ದಳು.

ಗಂಗಮ್ಮ ಕಾಕು ಅದನ್ನು ಅಡುಗೆಮನೆಯಲ್ಲಿ, ನನ್ನೆದುರಿಗೇ ಎತ್ತಿದಳು.

"ಅವತ್ತ ಅಮಾಸಿ ಇತ್ತು, ನೆನಪದ ಏನು? ಜೀವ ಹೋಗೂ ತಲಿ ತೊಡಿ ಮ್ಯಾಲ ಇಟಗೊಂಡಿ. ಅದೇ ಕೈಲೆ ಪ್ರಸಾದ ಮಾಡಿದಿ. ಈಗ ನೋಡು, ಆ ಕೈಗೇ ಬಂತು."

ಅವ್ವ ಅವಳನ್ನೇ ನೋಡಿದಳು.

"ಆಕಿ ಬೌದ್ಧರ ಓಣಿಯಾಕಿ ಇದ್ದಳಂತ ಹೇಳಾಕತ್ತೀಯೇನು ಗಂಗಕ್ಕ?"

"ಶಿವ ಶಿವ. ನಾವು ಶರಣರ ಮನಿಯವ್ರು, ಜಾತಿ ಮಾತು ನಮ್ಮ ಬಾಯಾಗ ಬರ್ತದೇನು? ನಾ ಹೊತ್ತಿನ ಮಾತ ಹೇಳಾಕತ್ತೇನಿ."

ಹೊತ್ತಿನ ಮಾತು ಒಂದೇ ವಾರದಲ್ಲಿ ಎಲ್ಲರ ಬಾಯಿಗೆ ಬಂತು. ಮಾಸ್ತರರು ಅಪ್ಪನನ್ನು ಒಂದು ಸಂಜೆ ಕೋಟೆಯ ಕಡೆ ತಿರುಗಾಡಲು ಕರೆದುಕೊಂಡು ಹೋದರು. ಅಪ್ಪ ತಿರುಗಿ ಬಂದವನು ಕೈಕಾಲು ತೊಳೆಯದೆ ಪಡಸಾಲೆಯ ಕಂಬಕ್ಕೆ ಒರಗಿ ನಿಂತ. ಬರುವ ಸೋಮವಾರ ಎಲ್ಲರ ಮುಂದೆ ತಪ್ಪಾಯಿತು ಅಂದುಬಿಟ್ಟರೆ ಮನಸ್ಸು ಹಗುರಾಗುತ್ತದೆ, ಮನಸ್ಸು ಹಗುರಾದರೆ ಮೈಯೂ ಸುಧಾರಿಸುತ್ತದೆ ಎಂದು ಮಾಸ್ತರರು ಹೇಳಿದ್ದಾರೆ ಅಂದ.

"ಏನು ತಪ್ಪಾತಂತ ಅನಬೇಕ್ರಿ?" ಅವ್ವ ಕೇಳಿದಳು.

"ಬಾಯಿಲೆ ಅನ್ನೂದು ಅಷ್ಟ ಅಲ್ಲೇನು. ಮನಸಿಲೆ ಬ್ಯಾಡ."

"ಆಕಿನ್ನ ಹಿಡಕೊಂಡದ್ದು ತಪ್ಪಾತು ಅಂತ ಅನಬೇಕೇನು?"

ಅಪ್ಪ ಕೈಕಾಲು ತೊಳೆಯಲು ಬಚ್ಚಲಿಗೆ ಹೋದ. ಅವನಿಗೂ ಹೆಂಡತಿ ನರಳುವುದನ್ನು ನೋಡಿ ಸಾಕಾಗಿತ್ತು. ಯಾರು ಏನು ಹೇಳಿದರೂ ಮಾಡಿಬಿಡೋಣ ಎಂಬ ಸ್ಥಿತಿಗೆ ಬಂದಿದ್ದ. ಅದು ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ಮೇಲೆ. ಆ ವಾರವೆಲ್ಲ ಅವರಿಬ್ಬರೂ ನನ್ನ ಮೂಲಕವೇ ಮಾತಾಡಿದರು. ಅಪ್ಪನಿಗೆ ಊಟಕ್ಕೆ ಬರಲು ಹೇಳು, ಅವ್ವನಿಗೆ ಗುಳಿಗೆ ತಗೊಂಡಳೇನು ಕೇಳು. ತಾಟು ನೆಲಕ್ಕೆ ತಾಗಿದ ಸದ್ದಾದರೂ ನಾನು ಎದ್ದು ಇಬ್ಬರ ಮುಖವನ್ನೂ ನೋಡುತ್ತಿದ್ದೆ.

ಸೋಮವಾರ ಬಂತು. ಅವತ್ತು ಭಜನೆ ಬೇಗ ಮುಗಿಯಿತು. ಅಪ್ಪನ ಕಂಠ ಎರಡು ಸಲ ತಪ್ಪಿತು. ಒಳಗೆ ನಾನು ಅನ್ನಕ್ಕಿಟ್ಟಿದ್ದೆ. ಅವ್ವ ಗೋಡೆ ಹಿಡಿದುಕೊಂಡು ಎದ್ದು, ಒಂದೊಂದೇ ಹೆಜ್ಜೆ ಇಟ್ಟು ಪಡಸಾಲೆಗೆ ಹೋದಳು. ಕೂಡಲಿಲ್ಲ, ಕೂತರೆ ಏಳಲು ಯಾರಾದರೂ ಹಿಡಿಯಬೇಕಿತ್ತು. ನಾನು ಬಾಗಿಲಲ್ಲಿ ನಿಂತೆ. ಮಾಸ್ತರರು ಬಹಳ ಮೆತ್ತಗೆ ಮಾತಾಡಿದರು. ಅವರ ದನಿಯಲ್ಲಿ ಕೆಟ್ಟತನವಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

"ನಿನಗ ಯಾರೂ ಶಿಕ್ಷಾ ಕೊಡಾಕ ಬಂದಿಲ್ಲ ತಂಗಿ. ಒಂದು ಮಾತು ಅಂದ್ರ ಸಾಕು. ನಿನ್ನ ಸಲುವಾಗಿ ನಾವೆಲ್ಲಾ ಕೈ ಮುಗೀತೇವಿ."

"ಮಾಸ್ತರ್, ನಾ ಒಂದು ಕೇಳ್ತೀನ್ರಿ," ಅಂದಳು ಅವ್ವ. "ಅವತ್ತ ನೀವು ನನ್ನ ಜಾಗಾದಾಗ ಇದ್ದಿದ್ರ ಆಕಿ ತಲಿ ಕಲ್ಲಿನ ಮ್ಯಾಲ ಬಿಡ್ತಿದ್ರೇನು?"

"ಹಂಗಲ್ಲ ಮಾದೇವಿ..."

"ಬಿಡ್ತಿದ್ರೋ ಇಲ್ಲೋ, ಅಷ್ಟ ಹೇಳ್ರಿ."

ಮಾಸ್ತರರು ಕಾಶಪ್ಪ ಕಾಕಾನ ಕಡೆ ನೋಡಿದರು. ಕಾಕಾ ತಾಳದ ದಾರವನ್ನು ಬೆರಳಿಗೆ ಸುತ್ತುತ್ತಿದ್ದ. ಗಂಗಮ್ಮ ಕಾಕು, ಇಷ್ಟು ಸೊಕ್ಕಿದ್ದರೆ ದೇವರು ಹ್ಯಾಂಗ ಕಣ್ಣು ತೆರೀತಾನ ಎಂದು ಯಾರಿಗೂ ಅಲ್ಲ ಎಂಬಂತೆ ಅಂದಳು. ಅವ್ವ ಅವಳ ಕಡೆ ತಿರುಗಲಿಲ್ಲ, ಅಪ್ಪನ ಕಡೆ ತಿರುಗಿದಳು.

"ನೀವರೆ ಹೇಳ್ರಿ. ಅವತ್ತ ನೀವೂ ಅಲ್ಲೇ ಇದ್ರಿ. ನೀರಿನ ತಂಬಿಗಿ ತಂದು ಕೊಟ್ಟವ್ರು ಯಾರು?"

ಅಪ್ಪ ತಲೆ ತಗ್ಗಿಸಿ ಕೂತಿದ್ದ. ಒಳಗೆ ಅನ್ನ ಉಕ್ಕಿ ಒಲೆಗೆ ಸುರಿಯುತ್ತಿತ್ತು, ನನಗೆ ಹೋಗಿ ಇಳಿಸಲು ಆಗಲಿಲ್ಲ. ಅಪ್ಪ ಮಾತಾಡಲಿ ಎಂದು ಕಾಯುತ್ತಿದ್ದೆ. ಅವನು ಮಾತಾಡಲಿಲ್ಲ. ಅವ್ವ ಬಂದ ಹಾಗೆಯೇ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಅವತ್ತು ಯಾರೂ ಪ್ರಸಾದ ತೆಗೆದುಕೊಳ್ಳಲಿಲ್ಲ.

ಮರುದಿನ ಅಪ್ಪ ಕೆಲಸಕ್ಕೆ ಹೋದ ಮೇಲೆ ಅವ್ವ ನನ್ನ ಕೈಯಲ್ಲಿ ಚೀಲ ಕಟ್ಟಿಸಿದಳು. ನಾವಿಬ್ಬರೂ ಹುಮನಾಬಾದದ ಬಸ್ಸು ಹತ್ತಿದೆವು. ಬಸ್ಸಿನ ಮೆಟ್ಟಿಲು ಹತ್ತುವಾಗ ಅವಳು ಕಂಬಿ ಹಿಡಿಯಲಾರದೆ ಮೊಳಕೈಯನ್ನು ಕಂಬಿಗೆ ಸಿಕ್ಕಿಸಿಕೊಂಡಳು. ಕಂಡಕ್ಟರು ಅವಸರ ಮಾಡಿದ. ದಾರಿಯುದ್ದಕ್ಕೂ ಅವ್ವ ಕಿಟಕಿಯ ಹೊರಗೇ ನೋಡುತ್ತಿದ್ದಳು. ನಾವು ತಿರುಗಿ ಬರುತ್ತೇವೋ ಇಲ್ಲವೋ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಹುಮನಾಬಾದದಲ್ಲಿ ಅವ್ವನ ಅಣ್ಣ ರೇವಪ್ಪ ಮಾಮಾ ಬಸ್‌ಸ್ಟ್ಯಾಂಡಿನಿಂದ ಮಾಣಿಕನಗರಕ್ಕೆ ಆಟೋ ಓಡಿಸುತ್ತಿದ್ದ. ಎರಡು ಕೋಣೆಯ ಮನೆ, ಅದರಲ್ಲಿ ಮಾಮಾ, ಅತ್ತೆ, ಅವರ ಮಕ್ಕಳು, ಅವ್ವನ ತಾಯಿ, ಕಣ್ಣು ಮಂಜಾದ ಆಯಿ. ಮಾಮಾ ಅವ್ವನ ಕೈ ನೋಡಿದ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಬೈದ. ದೇವರ ಹೆಸರು ಎತ್ತಲಿಲ್ಲ. ಅವನಿಗೆ ಭಕ್ತಿ ಇರಲಿಲ್ಲವೆಂದಲ್ಲ, ದಿನದ ಮೊದಲ ಸವಾರಿಗೆ ಮುಂಚೆ ಮಾಣಿಕನಗರದ ಪ್ರಭುಗಳ ಗುಡಿಯ ಕಡೆ ತಿರುಗಿ ಕೈ ಮುಗಿಯದೆ ಅವನು ಆಟೋ ಚಾಲು ಮಾಡುತ್ತಿರಲಿಲ್ಲ. ಆದರೆ ಅವ್ವನಿಗೆ ಅವನು ಹೇಳಿದ್ದು ಒಂದೇ ಮಾತು.

"ನಾಳಿ ಸೋಲಾಪುರಕ್ಕ ಹೋಗೂಣು. ಗಂಟು ನೋವಿನ ಡಾಕ್ಟರ್ ಅದಾರ ಅಲ್ಲಿ."

ಸೋಲಾಪುರದ ಡಾಕ್ಟರು ವಯಸ್ಸಾದ ಹೆಂಗಸು. ಮರಾಠಿ ಬೆರೆತ ಕನ್ನಡ. ಅವ್ವನ ಒಂದೊಂದೇ ಬೆರಳನ್ನು ಹಿಡಿದು ಒತ್ತಿ ನೋಡಿದಳು, ರಕ್ತ ತೆಗೆಸಿದಳು, ಎಕ್ಸ್‌ರೇ ಫೋಟೋ ತೆಗೆಸಿದಳು. ಸಂಜೆಗೆ ಕರೆದು ಕೂಡಿಸಿಕೊಂಡು ಹೇಳಿದಳು: ಮೈಯನ್ನು ಕಾಯಬೇಕಾದ ಶಕ್ತಿಯೇ ಗಂಟುಗಳನ್ನು ವೈರಿಯೆಂದು ತಿಳಿದು ಹೊಡೆಯುತ್ತಿದೆ, ಪೂರ್ತಿ ಹೋಗುವ ಬೇನೆಯಲ್ಲ, ಔಷಧಿ ಬಿಡದೆ ತಗೊಂಡರೆ ಹಿಡಿತಕ್ಕೆ ಬರುತ್ತದೆ, ಮಡಚಿದ ಬೆರಳು ಮಾತ್ರ ಮೊದಲಿನ ಹಾಗೆ ಆಗುವುದಿಲ್ಲ. ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು.

"ಡಾಕ್ಟರ್‌ರಿ, ಇದು ಯಾಕ ಬರ್ತದ್ರಿ? ಮನಷ್ಯಾ ಏನರೆ ತಪ್ಪು ಮಾಡಿದ್ರ ಬರ್ತದೇನು?"

"ಯಾಕ ಬರ್ತದ ಅಂತ ನಮಗೂ ಪೂರಾ ಗೊತ್ತಿಲ್ಲ ಬಾಯಿ. ಕೆಲವ್ರಿಗಿ ಬರ್ತದ, ಕೆಲವ್ರಿಗಿ ಬರೂದಿಲ್ಲ. ನೀವೇನೂ ಮಾಡಿಲ್ಲ."

ಅವ್ವನ ಕಣ್ಣಲ್ಲಿ ನೀರು ಬಂತು. ಮಾಮಾ ಗಾಬರಿಯಾದ. ಹೊರಗೆ ಬಂದ ಮೇಲೆ ಅವಳು ಬೆಂಚಿನ ಮೇಲೆ ಕೂತು, ಗೊತ್ತಿಲ್ಲ ಅಂದರಲ್ಲ, ಗೊತ್ತಿಲ್ಲ ಅಂದವರು ಇವರೊಬ್ಬರೇ ನೋಡು ಎಂದು ನನಗೆ ಹೇಳಿದಳು. ಅವತ್ತು ಅವಳು ಹೋಟೆಲಿನಲ್ಲಿ ಹೊಟ್ಟೆ ತುಂಬ ಉಂಡಳು. ನಾನು ತುತ್ತು ಮಾಡಿ ಕೊಡುತ್ತಿದ್ದೆ. ಸುತ್ತಲಿನವರು ನೋಡುತ್ತಿದ್ದರು, ಅವಳು ಅದನ್ನು ಗಮನಿಸಲಿಲ್ಲ.

ಔಷಧಿ ಹಿಡಿಯುವ ಹೊತ್ತಿಗೆ ಮಳೆಗಾಲ ಹತ್ತಿರವಾಗಿತ್ತು. ನಾವು ಇನ್ನೂ ಹುಮನಾಬಾದದಲ್ಲಿಯೇ ಇದ್ದೆವು. ಒಂದು ಸೋಮವಾರ ಸಂಜೆ ಅಪ್ಪ ಬಂದ. ಅದಕ್ಕೆ ಮುಂಚೆಯೂ ಬರುತ್ತಿದ್ದ, ಹಣ್ಣು ಕೊಟ್ಟು ಬಾಗಿಲಿನಿಂದಲೇ ತಿರುಗುತ್ತಿದ್ದ. ಆದರೆ ಸೋಮವಾರ ಎಂದೂ ಬಂದಿರಲಿಲ್ಲ. ಅಂದು ಮನೆಯಲ್ಲಿ ಭಜನೆ ಇಲ್ಲ ಎಂಬುದು ಅವ್ವನಿಗೆ ತಕ್ಷಣ ತಿಳಿಯಿತು. ಅವನು ಅಂಗಳದ ಕಲ್ಲಿನ ಮೇಲೆ ಕೂತ. ಅತ್ತೆ ಮಕ್ಕಳನ್ನು ಒಳಗೆ ಕರೆದುಕೊಂಡಳು. ನನ್ನನ್ನು ಯಾರೂ ಕರೆಯಲಿಲ್ಲ.

"ಹೋದ ವಾರ ನಾ ಅವ್ರ ಮುಂದ ಅಂದೆ," ಅಪ್ಪ ಹೇಳಿದ. "ತಂಬಿಗಿ ತಂದವ ನಾನು. ಆಕಿ ಬಾಯಾಗ ನೀರು ಬಿಟ್ಟವ ನಾನು. ನನ್ನ ಕೈಗಿ ಯಾಕ ಬರಲಿಲ್ಲ ಹೇಳ್ರಿ ಅಂದೆ."

"ಏನಂದ್ರು?"

"ನಿನಗ ಇನ್ನಾ ಬರೂದದ ಅಂದಳು ಗಂಗಮ್ಮ. ಮಾಸ್ತರ್ ಏನೂ ಅನಲಿಲ್ಲ, ಎದ್ದು ಹೋದ್ರು. ಇನ್ನ ನಮ್ಮ ಮನ್ಯಾಗ ಯಾರೂ ಕೂಡೂದಿಲ್ಲ."

ಮಾಣಿಕನಗರದ ಕಡೆಯಿಂದ ಬರುವ ಆಟೋಗಳ ಸದ್ದು ಕೇಳುತ್ತಿತ್ತು. ಅಪ್ಪ ತನ್ನ ಎರಡೂ ಕೈಗಳನ್ನು ಮೊಳಕಾಲ ಮೇಲಿಟ್ಟುಕೊಂಡು ಕಾಯುತ್ತಿದ್ದ.

"ಅವತ್ತೇ ಅನಬೇಕಿತ್ರಿ," ಅಂದಳು ಅವ್ವ.

"ಹೌದು. ಅವತ್ತೇ ಅನಬೇಕಿತ್ತು."

ಅವತ್ತು ಅವಳು ಅವನ ಜೊತೆ ಹೊರಡಲಿಲ್ಲ. ಮಾಮಾನ ಮನೆಯಲ್ಲಿ ಊಟ ಮಾಡಿ ಅಪ್ಪ ಒಬ್ಬನೇ ಕೊನೆಯ ಬಸ್ಸಿಗೆ ಹೋದ. ನಾವು ಬಸವಕಲ್ಯಾಣಕ್ಕೆ ಹೋದದ್ದು ಮಳೆ ಹಿಡಿದ ಮೇಲೆ. ಮನೆಯಲ್ಲಿ ಅಪ್ಪ ಬಚ್ಚಲಿಗೆ, ಬಾಗಿಲಿಗೆ, ಒಲೆಯ ಪಕ್ಕಕ್ಕೆ ಕಟ್ಟಿಗೆಯ ಹಿಡಿಕೆಗಳನ್ನು ಬಡಿದಿಟ್ಟಿದ್ದ, ಮೊಳಕೈ ಸಿಕ್ಕಿಸಿಕೊಂಡು ಏಳುವಂಥವು. ಅವ್ವ ಅವುಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಳಸಿದಳು. ಸೋಮವಾರ ಸಂಜೆಗಳು ಖಾಲಿಯಾದವು. ಅಪ್ಪ ಪಡಸಾಲೆಯಲ್ಲಿ ಒಬ್ಬನೇ ಕೂತು ಕೆಲವೊಮ್ಮೆ ಹಾಡಿಕೊಳ್ಳುತ್ತಿದ್ದ. ಎಷ್ಟೋ ತಿಂಗಳ ಮೇಲೆ ಒಂದು ಮುಂಜಾನೆ ಅವ್ವ ಮಿಂದು ಬಂದು ಅವನೆದುರು ಕೂತು, ನಿಮ್ಮ ಅಂಗೈ ಕೊಡ್ರಿ ಅಂದಳು. ತನ್ನ ಲಿಂಗವನ್ನು ಅವನ ಅಂಗೈಯ ಮೇಲಿಡಿಸಿ ಮಡಚಿದ ಬೆರಳುಗಳಿಂದ ಅದಕ್ಕೆ ವಿಭೂತಿ ಹಚ್ಚಿದಳು. ಒಬ್ಬರ ಲಿಂಗ ಇನ್ನೊಬ್ಬರ ಕೈಯಲ್ಲಿರಬಾರದು ಎಂಬುದು ಇಬ್ಬರಿಗೂ ಗೊತ್ತಿತ್ತು.

ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಮಾಸ್ತರರ ಮಗ ತೀರಿಹೋದ. ಮೂವತ್ತು ದಾಟಿರದ ಗಟ್ಟಿ ಆಳು, ಹೆದ್ದಾರಿಯಲ್ಲಿ ಮೋಟರ್ ಸೈಕಲ್ಲಿಗೆ ಟ್ರಕ್ಕು ತಾಗಿತು. ಮಣ್ಣು ಕೊಡಲು ಅಪ್ಪ ಹೋಗಿ ಬಂದ. ಅವ್ವ ಹೋಗಲಿಲ್ಲ. ನಾ ಅಲ್ಲಿ ಹೋಗಿ ಏನು ಮಾಡಲಿ, ನನ್ನ ಮುಖ ನೋಡಿದರೆ ಅವರಿಗೆ ಹಳೆಯದೆಲ್ಲ ನೆನಪಾಗುತ್ತದೆ ಅಂದಳು. ನೆನಪಾಗಲಿ ಎಂಬ ಸಿಟ್ಟೂ ಅವಳಲ್ಲಿತ್ತು, ನನಗೆ ಅದು ಕಾಣುತ್ತಿತ್ತು. ಕೆಲವು ದಿನ ಬಿಟ್ಟು ಒಂದು ಮಧ್ಯಾಹ್ನ ತಾನೇ ಚಪ್ಪಲಿ ಮೆಟ್ಟಿಕೊಂಡು, ನಡೀ ಅಂದಳು. ಮಾಸ್ತರರು ಪಡಸಾಲೆಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಹಲ್ಲಿನ ಸೆಟ್ಟು ತೆಗೆದಿಟ್ಟಿದ್ದರಿಂದ ಮುಖ ಒಳಗೆ ಹೋಗಿತ್ತು. ಗಂಗಮ್ಮ ಕಾಕು ಆಗತಾನೇ ಬಂದು ಹೋಗಿದ್ದಳಂತೆ. ಮಾಸ್ತರರ ಹೆಂಡತಿ ಒಳಗಿನಿಂದ ಬಂದು ಅವ್ವನನ್ನು ನೋಡಿ ಮತ್ತೆ ಒಳಗೆ ಹೋದಳು. ಅವ್ವ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಏಳುವುದು ಕಷ್ಟವೆಂದು ಗೊತ್ತಿದ್ದೂ ಕೂತಳು. ಆಮೇಲೆ ಮಾಸ್ತರರು ತಲೆ ಎತ್ತದೆ ಹೇಳಿದರು.

"ನಾ ಏನು ತಪ್ಪು ಮಾಡಿದೆ ಅಂತ ಹುಡುಕಾಕತ್ತೇನಿ ಮಾದೇವಿ. ಊಟ ಸೇರೂದಿಲ್ಲ, ನಿದ್ದಿ ಬರೂದಿಲ್ಲ. ಬರೇ ಹುಡುಕಾಕತ್ತೇನಿ."

ನಾನು ಅವ್ವನ ಮುಖ ನೋಡಿದೆ. ಅವಳು ಏನು ಬೇಕಾದರೂ ಅನ್ನಬಹುದಿತ್ತು. ಆ ಮನೆಯಲ್ಲಿ ಆಗ ಅವಳನ್ನು ತಡೆಯುವವರು ಯಾರೂ ಇರಲಿಲ್ಲ.

"ಹುಡುಕಬ್ಯಾಡ್ರಿ ಮಾಸ್ತರ್," ಅಂದಳು. "ಹುಡುಕಿದ್ರ ಸಿಗ್ತದ. ಯಾರ ಮನ್ಯಾಗ ಹುಡುಕಿದ್ರೂ ಒಂದು ಸಿಕ್ಕೇ ಸಿಗ್ತದ. ಆದ್ರ ಅದರ ಸಲುವಾಗಿ ಹುಡುಗ ಹೋಗಿಲ್ರಿ."

ಮಾಸ್ತರರು ಕಂಬಳಿಯಿಂದ ಮುಖ ಮುಚ್ಚಿಕೊಂಡರು. ಅವರ ಭುಜಗಳು ಅಲುಗುತ್ತಿದ್ದವು. ಬಿಸಿಲು ಕಟ್ಟೆಯಿಂದ ಇಳಿಯುವವರೆಗೆ ನಾವು ಅಲ್ಲಿಯೇ ಕೂತಿದ್ದೆವು.